ಹೆಸರು ಹೇಳದ ಹೆಂಗಸು

“ಪೇಶಂಟಿನ ಹೆಸರು?”

ಕಂಪೌಂಡರ್ ಪಾಂಡುರಂಗ ಮತ್ತೊಮ್ಮೆ ಕೇಳಿದ. ಸೋನುಬಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ನೆಲ ನೋಡಿದಳು. ಪಕ್ಕದ ಬೆಂಚಿನ ಮೇಲೆ ಗಾಯಾಳು ಎಚ್ಚರವಿಲ್ಲದೆ ಬಿದ್ದಿದ್ದ. ಹೈದರಾಬಾದ್ ರಸ್ತೆಯಲ್ಲಿ ಲಾರಿಯೊಂದು ಅವನ ಸೈಕಲ್ಲಿಗೆ ಗುದ್ದಿ, ನಿಲ್ಲದೆ ಓಡಿಹೋಗಿತ್ತು. ರಸ್ತೆ ಡಾಂಬರು ಕಂಡದ್ದೇ ತಡ, ಈ ಲಾರಿಯವರಿಗೆ ರೆಕ್ಕೆ ಬಂದಿದ್ದವು! ಕಾಲು ಮುರಿದಿತ್ತು, ತಲೆಯ ರಕ್ತ ಸೋನುಬಾಯಿಯ ಸೀರೆಯನ್ನೆಲ್ಲ ತೋಯಿಸಿತ್ತು. ಟಾಂಗಾದಲ್ಲಿ ಹಾಕಿಕೊಂಡು ಹುಮನಾಬಾದಿನ ಈ ಖಾಸಗಿ ದವಾಖಾನೆಗೆ ತಂದವಳೂ ಅವಳೇ.

“ಹೆಸರಿಲ್ಲದ ಭರ್ತಿ ಮಾಡ್ಕೊಳ್ಳಂಗಿಲ್ಲ ತಂಗಿ. ಮನಿಯವ್ರಿಲ್ಲದ ಪೇಶಂಟನ್ನ ಮಾಲಕರು ಒಳಗೇ ಬಿಡಂಗಿಲ್ಲ. ನೀ ಬಂದಿದ್ದಿ, ಛಲೋ ಆತು. ಹೆಸರು ಹೇಳು.”

“ನಾ ಹ್ಯಾಂಗ ಹೇಳ್ಲಿರಿ?”

ಸಾಲಿನಲ್ಲಿ ಕುಳಿತ ಹೆಂಗಸರು ಮುಸಿಮುಸಿ ನಕ್ಕರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಹಾಳಾಗಲಿ ಈ ಪದ್ಧತಿ! ಹೇಳದಿದ್ದರೆ ಇವನ ಆಯುಷ್ಯ ಬೆಂಚಿನ ಮೇಲೇ ಮುಗಿಯುವುದರಲ್ಲಿತ್ತು.

“ವಯಸ್ಸರ ಹೇಳು.”

“ನೀವೇ ಮಾರಿ ನೋಡಿ ಬರಕೋರಿ. ಜಲ್ದಿ ಮಾಡ್ರಿ ಯಪ್ಪಾ, ರಕ್ತ ನಿಂದ್ರವಲ್ದು!” ಸೋನುಬಾಯಿಗೆ ಅಳು ಬಂತು.

ಪಾಂಡುರಂಗ ಹಣೆ ಹಣೆ ಬಡಿದುಕೊಂಡ. ಆಗ ಎದ್ದು ಬಂದವಳು ಸೊಸೆಯ ಹೆರಿಗೆಗೆಂದು ಬಂದಿದ್ದ ಗಯಾಬಾಯಿ. ಗಂಡನ ಹೆಸರೆತ್ತದ ಸೊಸೆಯರನ್ನು ಸಂಭಾಳಿಸಿ ಪಳಗಿದ ಮುದುಕಿ.

“ಸರಿ ಅತ್ಲಾಗ! ಗಂಡಸರಿಗೇನು ತಿಳೀತದ ಇದು? ನೀ ಬಾಯಿ ಬಿಡಬ್ಯಾಡ ತಂಗಿ, ಗೋಣು ಹಾಕು ಸಾಕು. ದೇವರ ಹೆಸರು ಅದ ಏನು?”

ಸೋನುಬಾಯಿ ಗೋಣು ಹಾಕಿದಳು.

“ಲಂಕಾ ಸುಟ್ಟಾಂವನ ಹೆಸರೇ?”

ಪ್ರಶ್ನೆ ಮುಗಿಯುವ ಮೊದಲೇ ಮತ್ತೆ ಗೋಣು ಹಾಕಿದಳು.

“ಮಾರುತಿ! ಬರಕೋ ಯಪ್ಪಾ, ಏನ್ ನೋಡಾಕತ್ತೀ?” ಗೆದ್ದ ಗತ್ತಿನಲ್ಲಿ ಗಯಾಬಾಯಿ ಸುತ್ತ ನೋಡಿದಳು.

ತಲೆಗೆ ಹೊಲಿಗೆ ಬಿತ್ತು, ಕಾಲಿಗೆ ಪ್ಲಾಸ್ಟರ್. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಸೋನುಬಾಯಿ ಮಂಚ ಬಿಟ್ಟು ಕದಲಲಿಲ್ಲ. ಸಂಜೆಗೆ ಅವನು ಕಣ್ಣು ಬಿಟ್ಟು, ಅವಳನ್ನು ಪಿಳಿಪಿಳಿ ನೋಡಿದ.

“ನಿನ್ನ ತಾಳಿ ಗಟ್ಟಿ ಅದ ನೋಡಬೇ! ಇನ್ನರ ಮಾತಾಡು ಗಂಡನ ಕೂಡ,” ಎಂದು ಗಯಾಬಾಯಿ ಕಣ್ಣೊರೆಸಿಕೊಂಡು ಹೊರಗೆ ಹೋದಳು.

ಸೋನುಬಾಯಿ ಅವನ ಕಿವಿಯ ಹತ್ತಿರ ಬಾಗಿದಳು.

“ಯಣ್ಣಾ, ನೀ ಯಾರೋ ನನಗ ಗೊತ್ತಿಲ್ಲ. ಆದ್ರ ನಿಮ್ಮ ಮನಿಯವ್ರು ಬರೂತನಕ ಇಲ್ಲಿ ನೀ ಮಾರುತಿ, ನಾ ನಿನ್ನ ಹೇಣ್ತಿ. ಬಾಯಿ ಬಿಟ್ಟಿ ಅಂದ್ರ ಇಬ್ಬರನ್ನೂ ಹೊರಗ ಹಾಕ್ತಾರ!”