ಕಸೂತಿಯ ಒಳಮಗ್ಗಲು

ಹೆಣ್ಣು ನೋಡಲು ಬಂದ ಹುಡುಗನ ತಾಯಿ, ಅವಲಕ್ಕಿ ಮುಟ್ಟುವ ಮೊದಲೇ ದಿಂಬಿನ ಕವರು ಬಿಚ್ಚಿ ಒಳಮಗ್ಗಲು ನೋಡಿದರು. ಕಸೂತಿಯ ಗೋಪುರ ಹಿಂದೆಯೂ ಮುಂದೆಯೂ ಒಂದೇ ಥರ ಇತ್ತು.

“ಒಂದೂ ಗಂಟಿಲ್ಲ! ಯಾರು ಹಾಕಿದ್ದು?”

“ನಮ್ಮ ಸುಗಂಧಾನ ಹಾಕ್ಯಾಳ್ರೀ,” ಎಂದಳು ಅವ್ವ.

ಸುಗಂಧಾ ತಲೆ ಎತ್ತಲಿಲ್ಲ. ಅವಳಿಗೆ ಬರುತ್ತಿದ್ದದ್ದು ಅಂಗಿಗೆ ಗುಂಡಿ ಹಚ್ಚುವುದೊಂದೇ.

“ನನ್ನ ಸೆರಗು ನೋಡ್ರಿ. ಈ ಆನಿ, ನವಿಲು ಎಲ್ಲಾ ನಾನ ಹಾಕಿದ್ದು. ನಮ್ಮನಿಗೆ ಬರೋ ಸೊಸಿಗೂ ಇದು ಬರಬೇಕು.” ಹುಡುಗನ ತಾಯಿ ಚೀಲದಿಂದ ಸೂಜಿ, ದಾರ, ಒಂದು ಕರವಸ್ತ್ರ ತೆಗೆದರು. “ತಗೋವಾ, ನಾಕ ಹೊಲಿಗಿ ಹಾಕಿ ತೋರಸು.”

ಹವಾಲ್ದಾರಿಕೆಯಿಂದ ನಿವೃತ್ತನಾದ ಅಪ್ಪ ಮೂಲೆಯಲ್ಲಿ ಫ್ಯಾನು ನೋಡುತ್ತ ಮೀಸೆ ತಿರುವುತ್ತಿದ್ದ. ಗರಡಿಯಲ್ಲಿ ಕುಸ್ತಿ ಕಲಿಸುವ ಹುಡುಗ ಬಂದಾಗಿನಿಂದ ಬಾಯೇ ಬಿಟ್ಟಿರಲಿಲ್ಲ. ಸುಗಂಧಾ ಸೂಜಿಗೆ ದಾರ ಪೋಣಿಸಿ, ಗುಂಡಿ ಹಚ್ಚುವಾಗ ಮಾಡುವಂತೆ ತುದಿಗೆ ಗಂಟು ಹಾಕತೊಡಗಿದಳು.

“ಏ, ಗಂಟ್ ಹಾಕಬ್ಯಾಡ!”

ಎರಡು ಗಂಡು ದನಿಗಳು ಒಟ್ಟಿಗೇ ಚೀರಿದವು. ಒಂದು ಅಪ್ಪನದು. ಇನ್ನೊಂದು ಹುಡುಗನದು.