ದೂರದ್ದೆಲ್ಲ ಮಸುಕು

“ನನಗೂ ಮಸುಕಾಗೇ ಕಾಣ್ತಿದೆ ಯಜಮಾನ್ರೇ, ನಿಮ್ಮ ಕಣ್ಣಿಗೇನೂ ಆಗಿಲ್ಲ,” ಎನ್ನುತ್ತ ರಿಪೇರಿಯವನು ಕ್ಯಾಮೆರಾದಿಂದ ಹಳೆಯ ಲೆನ್ಸನ್ನು ಬಿಚ್ಚಿದ.

“ಹತ್ತಿರದ್ದು ಚೆನ್ನಾಗಿ ಬರುತ್ತೆ, ದೂರದ್ದೆಲ್ಲ ಮಸುಕು. ಕಣ್ಣೇ ಹೋಯ್ತು ಅಂದ್ಕೊಂಡು ನಾಳೆ ಸ್ಟುಡಿಯೋನ ಅಳಿಯಂದ್ರ ಹೆಸರಿಗೆ ಬರ್ಕೊಡ್ತಿದೀನಲ್ಲಪ್ಪ.”

“ಈ ಅಡಾಪ್ಟರ್ ಜೋಡಿಸಿದ್ದು ಯಾರು?”

“ಅವ್ರೇ. ಹಳೇ ಲೆನ್ಸು ಹೊಸ ಕ್ಯಾಮೆರಾಗೆ ಕೂರಲ್ಲ ಅಂತ ಪಾಪ, ತಾವೇ ಕೂತು ಜೋಡಿಸಿಕೊಟ್ರು. ‘ಒಳಗೆ ಧೂಳು ಹೋಗುತ್ತೆ, ಬಿಚ್ಚಬೇಡಿ ಮಾವ’ ಅಂತಾರೆ.”

“ಒಳಗೊಂದು ಉಂಗುರ ಇಟ್ಟಿದಾರೆ ನೋಡಿ. ಲೆನ್ಸು ಕೂದಲೆಳೆಯಷ್ಟು ಮುಂದೆ ಹೋದ್ರೂ ದೂರದ್ದು ಮಸುಕೇ.”

“ಕಾರ್ಖಾನೆಯವರೇ ಇಟ್ಟಿರ್ತಾರೆ ಬಿಡು.”

ರಿಪೇರಿಯವನು ಅದನ್ನು ಚಿಮಟದಿಂದ ಎತ್ತಿ ಅವರ ಅಂಗೈಗಿಟ್ಟ. ಮಗಳ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿದ್ದರು. ಅಂಚಿನಲ್ಲಿ ಯಜಮಾನರೇ ಹಚ್ಚಿದ್ದ ಅರಿಶಿನ ಇನ್ನೂ ಹಾಗೇ ಇತ್ತು.