ತಿದ್ದಿದ ಕಣ್ಣು

ರಾಣೆಬೆನ್ನೂರಿನ ಫಕ್ಕೀರೇಶನ ಸ್ಟುಡಿಯೋದಿಂದ ಕಲೆಯಿರುವ ಮುಖದ ಫೋಟೋ ಹೊರಬಂದದ್ದೇ ಇಲ್ಲ…

ಮೊಡವೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು… ಅವನು ಮೌಸ್ ಹಿಡಿದು ಕೂತನೆಂದರೆ ಎಲ್ಲ ಮಂಗಮಾಯ. ಮಗಳಿಗೆ ಗಂಡು ಹುಡುಕುವವರೆಲ್ಲ ಮೊದಲು ಬರುತ್ತಿದ್ದದ್ದು ಅವನ ಹತ್ತಿರವೇ.

ತನ್ನ ಮಗಳು ಸಿಂಚನಾಳ ಮೊದಲ ಹುಟ್ಟುಹಬ್ಬಕ್ಕೂ ಅವನೇ ಫೋಟೋ ತೆಗೆದ. ಹೆಂಡತಿ ಸುಜಾತಾ ಕಂಪ್ಯೂಟರಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದಳು.

“ಏನ್ರೀ, ಎಡಗಣ್ಣಾಗ ಏನೋ ಬೆಳ್ಳಗ ಹೊಳಿಯಾಕತ್ತೈತಲ್ರಿ…”

“ಅದು ಫ್ಲ್ಯಾಶಿನ ಬೆಳಕು. ತೆಗಿತೀನಿ ಬಿಡ.”

ಬಲಗಣ್ಣಿನ ಕಪ್ಪನ್ನು ನಕಲು ಮಾಡಿ ಎಡಗಣ್ಣಿಗೆ ಅಂಟಿಸಿದ. ಕೆಲಸ ಮುಗಿಯಿತು.

ಉಗಾದಿಯ ಫೋಟೋದಲ್ಲೂ ಅದೇ ಬಿಳುಪು… ಅದನ್ನೂ ತಿದ್ದಿದ. ದೀಪಾವಳಿಯದ್ದನ್ನೂ ತಿದ್ದಿದ. ಸುಜಾತಾ ಕೇಳುವುದನ್ನೇ ಬಿಟ್ಟಳು.

ಕೊನೆಗೆ ಮಗುವಿನ ಎಡಗಣ್ಣು ವಾರೆಯಾಗತೊಡಗಿದಾಗ ಕಣ್ಣಿನ ಆಸ್ಪತ್ರೆಗೆ ಓಡಿದರು.

ಅಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ಕೈಯ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚಿದರು. ಅದು ರಕ್ತದ ಜೊತೆ ಕಣ್ಣಿಗೆ ಹರಿಯುತ್ತಿದ್ದಂತೆ ಕ್ಯಾಮೆರಾ ಒಳಗಿನ ರಕ್ತನಾಳಗಳ ಫೋಟೋ ತೆಗೆಯಿತು.

ಡಾಕ್ಟರಮ್ಮ ಪರದೆ ತೋರಿಸಿದರು. “ನೋಡಿ, ಇದು ಕ್ಯಾನ್ಸರ್ ಗಡ್ಡೆ. ತನಗೆ ಬೇಕಾದ ರಕ್ತನಾಳಗಳನ್ನ ತಾನೇ ಬೆಳೆಸಿಕೊಂಡಿದೆ. ಈ ಬಿಳಿ ಕಲೆ ಇರೋ ಕಡೆಯೆಲ್ಲ ಅವು ಸೋರ್ತಾ ಇವೆ…”

ಜೀವನದಲ್ಲಿ ಮೊದಲ ಬಾರಿಗೆ ಫಕ್ಕೀರೇಶ ತಿದ್ದಲಾಗದ ಫೋಟೋ ಒಂದನ್ನು ನೋಡುತ್ತಿದ್ದ.

“ಹಳೇ ಫೋಟೋ ಇದ್ರೆ ಕೊಡಿ. ಯಾವಾಗ ಶುರುವಾಯ್ತು ಅಂತ ಅಂದಾಜು ಸಿಗುತ್ತೆ.”

ಅವನು ಮೊಬೈಲ್ ಕೊಟ್ಟ. ಡಾಕ್ಟರಮ್ಮ ಒಂದೊಂದೇ ಸರಿಸಿದರು.

“ಇದರಲ್ಲೆಲ್ಲ ಕಣ್ಣು ಚೆನ್ನಾಗೇ ಇದೆಯಲ್ಲ?”

“ಎಡಗಣ್ಣು ಬೆಳ್ಳಗ ಹೊಳಿತಿತ್ತು, ಅವನ್ನೆಲ್ಲಾ ಇವ್ರು ತಿದ್ದ್ಯಾರ್ರೀ ಮೇಡಂ,” ಎಂದಳು ಸುಜಾತಾ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. “ಆ ಬಿಳುಪೇ ಈ ಗಡ್ಡೆಯ ಗುರುತು. ಆಗಲೇ ಬಂದಿದ್ರೆ ಕಣ್ಣು ಉಳಿಸೋಕೆ ಪ್ರಯತ್ನ ಮಾಡಬಹುದಿತ್ತು. ಈಗ ಮಗು ಉಳೀಬೇಕಂದ್ರೆ ಆ ಕಣ್ಣು ತೆಗೀಲೇಬೇಕು.”

ಫಕ್ಕೀರೇಶ ಆಸ್ಪತ್ರೆಯ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತ… ಅತ್ತರೆ ಹೋದ ಕಣ್ಣು ಬರುತ್ತದೆಯೇ?

ಮಗಳು ಉಳಿದಳು. ಎಡಗಡೆ ಈಗ ಕೃತಕ ಕಣ್ಣು.

ಒಂದು ದಿನ ಒಬ್ಬಾತ ಸ್ಟುಡಿಯೋಗೆ ಬಂದು ತೊಟ್ಟಿಲ ಕೂಸಿನ ಫೋಟೋ ತೋರಿಸಿದ. “ಒಂದು ಕಣ್ಣು ಬೆಳ್ಳಗ ಬಂದೈತಿ. ಚಂದ ಮಾಡಿ ದೊಡ್ಡದು ಹಾಕಿ ಕೊಡ್ರಿ.”

ಫಕ್ಕೀರೇಶ ಕುರ್ಚಿ ಬಿಟ್ಟು ಎದ್ದ. “ಅಣ್ಣಾರ, ಕೈ ಮುಗಿತೀನಿ… ಫೋಟೋ ಬಿಡ್ರಿ, ಕೂಸಿನ್ನ ಇವತ್ತ ಕಣ್ಣಿನ ಡಾಕ್ಟರಿಗೆ ತೋರಸ್ರಿ. ನನ್ನ ಮಗಳಿಗೂ ಹಿಂಗ ಇತ್ತು…”

“ಬಂಗಾರದಂಥ ಕೂಸಿಗೆ ಅಪಶಕುನ ನುಡಿತೀಯೇನೋ!” ಆತ ಬೈಯುತ್ತಲೇ ಬೈಕ್ ಹತ್ತಿದ. ಫಕ್ಕೀರೇಶ ಚಪ್ಪಲಿಯಿಲ್ಲದ ಕಾಲಲ್ಲಿ ಹಿಂದೆ ಓಡಿದ… ಬೈಕ್ ಸಿಗಲಿಲ್ಲ.

ಕೆಲವು ದಿನಗಳ ನಂತರ ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಂದು ಸ್ಟುಡಿಯೋದ ಗಾಜಿನಲ್ಲಿ ಆ ಕೂಸಿನ ದೊಡ್ಡ ಫೋಟೋ ಕಂಡಿತು. ಒಳಗೆ ನುಗ್ಗಿ ವಿಳಾಸ ಕೇಳಿದ.

“ಯಾರೋ ಬ್ಯಾರೆ ಊರವ್ರು… ಪ್ರಿಂಟ್ ತಗೊಂಡು ಹ್ವಾದ್ರು.”

ಗಾಜಿನೊಳಗೆ ಕೂಸು ನಗುತ್ತಿತ್ತು. ಅದರ ಎರಡೂ ಕಣ್ಣು ಒಂದೇ ಸಮ ಕಪ್ಪಗಿದ್ದವು.

*ಕಲೆಯನ್ನು ಅಳಿಸುವುದು ಸುಲಭ… ಅದು ಯಾಕೆ ಬಂತೆಂದು ಕೇಳುವುದು ಕಷ್ಟ.*

ಮಕ್ಕಳ ಫೋಟೋ ಚಂದ ಮಾಡಿ ಸ್ಟೇಟಸ್ ಹಾಕುವ ನಾವು, ತಿದ್ದದ ಆ ಮುಖವನ್ನು ಒಮ್ಮೆಯಾದರೂ ನೆಟ್ಟಗೆ ನೋಡಿದ್ದೇವೆಯೇ?